ಎರಡನೆಯ ಕುರ್ಚಿ ಯಾರಿಗೆ, ಏತಕ್ಕೆ?

(ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ತಾಲೂಕುಗಳ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಬಂಟ್ವಾಳದಲ್ಲಿ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೆ, ಕಾರ್ಖಾನೆಯ ಗಂಟೆ ಹೊಡೆದ ಮೇಲೆ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದ ಸಂಗಾತಿಗಳೆ, ಅಂಗಡಿಯ ಬಾಗಿಲು ಹಾಕಿ ಬಂದ ವ್ಯಾಪಾರಿ ಮಿತ್ರರೆ, ಬೀಡಿಯ ತಡ್ಪೆಯನ್ನು ಕೆಳಗಿಟ್ಟು ಬಂದ ಅಕ್ಕ ತಂಗಿಯರೆ,

ಕಳೆದ ವಾರ ಬೆಳ್ತಂಗಡಿಯ ಕಡೆಯ ಮಿತ್ರರೊಬ್ಬರು ನನ್ನ ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದರು. ಅವರ ಊರಿನ ಪಂಚಾಯತಿಯಲ್ಲಿ ನಮ್ಮ ಜನ ನಾಲ್ಕು ಮಂದಿ ಗೆದ್ದು ಬರುವ ಸಂಭವವಿದೆಯಂತೆ. ಅಲ್ಲಿನ ದೊಡ್ಡ ಕುಳವೊಬ್ಬರು ಈಗಲೇ ಹೇಳಿ ಕಳುಹಿಸಿದ್ದಾರೆ: "ಅಧ್ಯಕ್ಷತೆಗೆ ನಮ್ಮವರನ್ನು ಬೆಂಬಲಿಸಿರಿ, ಮೀಸಲಾತಿಯ ಪಟ್ಟಿಗೆ ಹೊಂದಿದರೆ ಉಪಾಧ್ಯಕ್ಷತೆ ನಿಮ್ಮವರಿಗೆ." ಪಂಚಾಯತಿ ಚುನಾವಣೆಗೆ ಪಕ್ಷದ ಚಿಹ್ನೆಯಿಲ್ಲ, ಆದರೆ ಪಕ್ಷವೇ ಇಲ್ಲವೆಂದು ನಂಬುವಷ್ಟು ಮುಗ್ಧರು ಇಲ್ಲಿ ಯಾರೂ ಇಲ್ಲವೆಂದು ಭಾವಿಸುತ್ತೇನೆ. "ಒಪ್ಪಿಕೊಳ್ಳೋಣವೆ ಅಣ್ಣ?" ಎಂದು ಅವರು ಕೇಳಿದರು. ನಾನು ಕೂಡಲೆ ಉತ್ತರ ಕೊಡಲಿಲ್ಲ. ಯೋಚಿಸಿ ಹೇಳುತ್ತೇನೆಂದೆ. ಆ ಯೋಚನೆಯನ್ನೇ ಈ ದಿನ ನಿಮ್ಮ ಮುಂದಿಡುತ್ತಿದ್ದೇನೆ.

ಈ ಪ್ರಶ್ನೆ ಒಂದು ಪಂಚಾಯತಿಯದು ಮಾತ್ರವಲ್ಲ. ವಾಷಿಂಗ್ಟನ್ನಿನಲ್ಲಿಯೂ ದಿಲ್ಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಎರಡನೆಯ ಕುರ್ಚಿಯನ್ನು ಹಂಚುವ ರೀತಿ ಒಂದೇ.

ಮೂಡಬಿದ್ರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ ನೋಡದವರು ಈ ಸಭೆಯಲ್ಲಿ ಇರಲಾರರು. ಕೋಣದ ಯಜಮಾನ ತನ್ನ ಒಂದು ಕೋಣಕ್ಕೆ ಜೊತೆ ಹುಡುಕುವಾಗ ಏನನ್ನು ನೋಡುತ್ತಾನೆ? ಓಟಕ್ಕೆ ಓಟ ಹೊಂದುತ್ತದೆಯೇ, ನೊಗ ಒಂದು ಕಡೆಗೆ ವಾಲದೆ ಮಂಜೊಟ್ಟಿಯ ತನಕ ಮುಟ್ಟುತ್ತದೆಯೇ ಎಂದು ನೋಡುತ್ತಾನೆ. ಅದು ಯಾರ ಹಟ್ಟಿಯದೆಂಬುದು ಆಮೇಲಿನ ಮಾತು. ರಾಜಕೀಯದಲ್ಲಿ ಜೊತೆ ಹುಡುಕುವ ಯಜಮಾನರು ಮಾತ್ರ ಮೊದಲು ನೋಡುವುದೇ ಹಟ್ಟಿಯನ್ನು. ಓಟದ ಚಿಂತೆ ಅವರಿಗಿಲ್ಲ, ವೋಟಿನದು ಮಾತ್ರ.

ಈ ವಿದ್ಯೆಯನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದವರು ಅಮೇರಿಕೆಯವರು. ಅಲ್ಲಿ ಅಧ್ಯಕ್ಷನಿಗೊಂದು, ಉಪಾಧ್ಯಕ್ಷನಿಗೊಂದು ಎಂದು ಎರಡು ಮತಗಳಿಲ್ಲ. ಜೋಡಿಗೆ ಒಂದೇ ಮತ. ಆದುದರಿಂದ ಅಧ್ಯಕ್ಷ ಪದವಿಗೆ ನಿಂತವನು ತನ್ನಲ್ಲಿ ಇಲ್ಲದ್ದನ್ನು ಜೊತೆಗಾರನಿಂದ ತುಂಬಿಸಿಕೊಳ್ಳುತ್ತಾನೆ. 1960ರಲ್ಲಿ ಕೆನಡಿಯವರು ಉತ್ತರದ ಮೆಸಾಚುಸೆಟ್ಸಿನವರು, ಕೆಥೋಲಿಕರು, ವಯಸ್ಸು 43. ದಕ್ಷಿಣದ ಪ್ರಾಟೆಸ್ಟಂಟರ ವೋಟು ಸಂಶಯದಲ್ಲಿತ್ತು. ಟೆಕ್ಸಾಸಿನ ಲಿಂಡನ್ ಜಾನ್ಸನ್ನರನ್ನು ಜೊತೆಗೆ ಸೇರಿಸಿಕೊಂಡರು. ಕಾರ್ಮಿಕ ಸಂಘಗಳ ಮುಖಂಡರು ಸಿಟ್ಟಾದರು; ಆದರೆ ಟೆಕ್ಸಾಸ್ ಕೈಗೆ ಬಂತು, ಚುನಾವಣೆಯೂ ಗೆದ್ದಿತು. 1963ರ ನವೆಂಬರ್ 22ರಂದು ಕೆನಡಿ ಕೊಲೆಯಾದರು. ಟೆಕ್ಸಾಸಿನ ವೋಟಿಗಾಗಿ ಕರೆತಂದ ಮನುಷ್ಯನೇ ಅಧ್ಯಕ್ಷನಾದ. ಕರಿಯರಿಗೆ ನಾಗರಿಕ ಹಕ್ಕುಗಳ ಕಾಯಿದೆ ತಂದದ್ದೂ ಅವನೆ, ವಿಯೆಟ್ನಾಮಿಗೆ ಲಕ್ಷಗಟ್ಟಲೆ ಸೈನಿಕರನ್ನು ಅಟ್ಟಿದ್ದೂ ಅವನೆ. ವೋಟು ಹಾಕಿದವರಲ್ಲಿ ಎಷ್ಟು ಮಂದಿ ಆ ಹೆಸರನ್ನು ಗಮನಿಸಿ ಓದಿದ್ದರು?

ಅದಕ್ಕಿಂತಲೂ ದೊಡ್ಡ ಪಾಠ 1944ರದು. ಅದು ನಮ್ಮಂಥ ಕೂಲಿಕಾರರಿಗೆ ಸಂಬಂಧಿಸಿದ್ದಾದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ರೂಸ್‌ವೆಲ್ಟರು ನಾಲ್ಕನೆಯ ಸಲ ನಿಂತಿದ್ದರು. ಆರೋಗ್ಯ ಕೆಟ್ಟಿತ್ತು. ಹತ್ತಿರದಿಂದ ನೋಡಿದ ಪಕ್ಷದ ಧಣಿಗಳಿಗೆ, ಈ ಸಲ ಆರಿಸುತ್ತಿರುವುದು ಉಪಾಧ್ಯಕ್ಷನನ್ನಲ್ಲ, ಮುಂದಿನ ಅಧ್ಯಕ್ಷನನ್ನೇ ಎಂಬುದು ಗೊತ್ತಿತ್ತು. ಆಗ ಉಪಾಧ್ಯಕ್ಷರಾಗಿದ್ದವರು ಹೆನ್ರಿ ವಾಲೆಸ್. ರೈತರ ಪೈಕಿ, ಕಾರ್ಮಿಕರ ಪರ. ಅವರನ್ನು ಕಳಚಬೇಕೆಂದು ಧಣಿಗಳು ನಿಶ್ಚಯಿಸಿದರು. ಅವರ ಜಾಗಕ್ಕೆ ದಕ್ಷಿಣದ ಬರ್ನ್ಸ್ ಎಂಬವರ ಹೆಸರೂ ಬಂತು. ಬಟ್ಟೆ ಹೊಲಿಯುವ ಕಾರ್ಮಿಕರ ನಾಯಕ ಸಿಡ್ನಿ ಹಿಲ್‌ಮನ್, ಬರ್ನ್ಸ್ ಆಗಲೇಕೂಡದೆಂದು ಹಠ ಹಿಡಿದರು. ಆ ಹೆಸರು ಬಿದ್ದು ಹೋಯಿತು. ಜುಲೈ ತಿಂಗಳಲ್ಲಿ ಚಿಕಾಗೋದ ಮಹಾಸಭೆಯಲ್ಲಿ ಮೊದಲ ಸುತ್ತಿಗೆ ವಾಲೆಸರೇ ಮುಂದಿದ್ದರು, ಆದರೆ ಬೇಕಾದಷ್ಟು ಮತ ಸಿಗಲಿಲ್ಲ. ಎರಡನೆಯ ಸುತ್ತಿಗೆ ಮಿಸೌರಿಯ ಹ್ಯಾರಿ ಟ್ರೂಮನ್ ಗೆದ್ದರು. ಯಾರಿಗೂ ವಿಶೇಷ ಇಷ್ಟವಿಲ್ಲದ, ಯಾರಿಗೂ ವಿಶೇಷ ದ್ವೇಷವೂ ಇಲ್ಲದ ಹೆಸರು.

ಉಪಾಧ್ಯಕ್ಷರಾದ 82ನೆಯ ದಿನ, 1945ರ ಏಪ್ರಿಲ್ 12ರಂದು, ರೂಸ್‌ವೆಲ್ಟ್ ತೀರಿಕೊಂಡರು. ಅಣುಬಾಂಬು ಸಿದ್ಧವಾಗುತ್ತಿದೆಯೆಂಬ ಸಂಗತಿಯನ್ನು ಆ ತನಕ ಉಪಾಧ್ಯಕ್ಷನಿಗೆ ಯಾರೂ ಹೇಳಿರಲಿಲ್ಲ. ಪ್ರಮಾಣವಚನ ತೆಗೆದುಕೊಂಡ ಮೇಲೆ ಹೇಳಿದರು. ಆಗಸ್ಟಿನಲ್ಲಿ ಹಿರೋಶಿಮಾ, ನಾಗಸಾಕಿ ಸುಟ್ಟು ಹೋದವು. ವಾಲೆಸ್ ಇದ್ದಿದ್ದರೆ ಬಾಂಬು ಬೀಳುತ್ತಿರಲಿಲ್ಲವೆಂದು ನಾನು ಹೇಳಲಾರೆ; ಅದು ಯಾರೂ ಹೇಳಲಾಗದ ಮಾತು. ನಾನು ತೋರಿಸಬಯಸುವುದು ಇಷ್ಟೆ: ಹಿಲ್‌ಮನ್ನರಿಗೆ ಬೇಡವಾದವನನ್ನು ತಡೆಯುವ ಶಕ್ತಿಯಿತ್ತು, ಬೇಕಾದವನನ್ನು ಕೂರಿಸುವ ಶಕ್ತಿಯಿರಲಿಲ್ಲ. ಲಕ್ಷಾಂತರ ಸದಸ್ಯರಿದ್ದ ಸಂಘಗಳ ಅವಸ್ಥೆಯೇ ಅಷ್ಟಾದರೆ, ನಾಲ್ಕು ಮಂದಿ ಪಂಚಾಯತಿ ಸದಸ್ಯರ ಮಾತೇನು?

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮ ಸಂವಿಧಾನದಲ್ಲಿ ಜೋಡಿ ಮತದ ಪದ್ಧತಿಯಿಲ್ಲ. ಉಪರಾಷ್ಟ್ರಪತಿಯನ್ನು ಪಾರ್ಲಿಮೆಂಟಿನ ಎರಡೂ ಸಭೆಗಳ ಸದಸ್ಯರು ಬೇರೆಯಾಗಿಯೇ ಆರಿಸುತ್ತಾರೆ. ರಾಷ್ಟ್ರಪತಿ ತೀರಿಕೊಂಡರೆ ಉಪರಾಷ್ಟ್ರಪತಿ ಆ ಕೆಲಸ ನೋಡಿಕೊಳ್ಳುವುದು ಹೊಸ ಚುನಾವಣೆಯ ತನಕ ಮಾತ್ರ, ಅದೂ ಆರು ತಿಂಗಳೊಳಗೆ ನಡೆಯಬೇಕು. ಕಾಗದದ ಮೇಲೆ ಬಹಳ ನಿರುಪದ್ರವಿಯಾದ ಹುದ್ದೆ. ಆದರೆ ಎರಡು ಸಲ ಈ ಹುದ್ದೆ ದೇಶದ ರಾಜಕೀಯವನ್ನು ಅಲುಗಿಸಿತು. ಎರಡೂ ಸಲ ನಮ್ಮ ರಾಜ್ಯದ ಸಂಬಂಧವಿತ್ತು.

ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ. ವಿ. ಗಿರಿಯವರು 1967ರಲ್ಲಿ ಉಪರಾಷ್ಟ್ರಪತಿಗಳಾದರು. ರೈಲ್ವೆ ಕಾರ್ಮಿಕರ ಸಂಘಟನೆಯಿಂದ ಮೇಲೆ ಬಂದ ಮನುಷ್ಯ. 1969ರ ಮೇ 3ರಂದು ಜಾಕಿರ್ ಹುಸೇನರು ತೀರಿಕೊಂಡಾಗ ಗಿರಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಆ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ಸಿನ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ನಿಜಲಿಂಗಪ್ಪನವರು. ಹಿರಿಯ ಮುಖಂಡರು ಗಿರಿಯವರನ್ನು ಬಿಟ್ಟು ಸಂಜೀವ ರೆಡ್ಡಿಯವರ ಹೆಸರನ್ನು ಗೊತ್ತು ಮಾಡಿದರು. ಗಿರಿಯವರು ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯ ಮತವೆಂದು ಕರೆ ಕೊಟ್ಟು ಅವರನ್ನು ಗೆಲ್ಲಿಸಿದರು. ಆ ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ಸು ಎರಡು ಹೋಳಾಯಿತು. ಗಿರಿಯವರ ಜಾಗಕ್ಕೆ ಉಪರಾಷ್ಟ್ರಪತಿಯಾಗಿ ಬಂದ ಜಿ. ಎಸ್. ಪಾಠಕರೂ ಮೈಸೂರಿನ ರಾಜ್ಯಪಾಲರಾಗಿದ್ದವರೆ.

ಅವರ ಅನಂತರ, 1974ರಲ್ಲಿ, ಜಮಖಂಡಿ ಕಡೆಯ ಬಿ. ಡಿ. ಜತ್ತಿಯವರು. ಹಿಂದೆ ನಮ್ಮ ಮುಖ್ಯಮಂತ್ರಿಗಳಾಗಿದ್ದವರು, ಮೃದು ಮಾತಿನವರು. ಯಾರಿಗೂ ತೊಂದರೆಯಾಗದ ಆಯ್ಕೆಯೆಂದು ತೋರಿರಬೇಕು. 1977ರ ಫೆಬ್ರವರಿಯಲ್ಲಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ತುರ್ತು ಪರಿಸ್ಥಿತಿಯ ಸರಕಾರ ಸೋತು ಮೊರಾರ್ಜಿ ದೇಸಾಯಿಯವರು ಪ್ರಮಾಣವಚನ ಸ್ವೀಕರಿಸಿದ್ದು ಹಂಗಾಮಿ ರಾಷ್ಟ್ರಪತಿ ಜತ್ತಿಯವರ ಎದುರಿನಲ್ಲಿ. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಜನತಾ ಸರಕಾರ ಕಾಗದ ಕಳುಹಿಸಿದಾಗ ಜತ್ತಿಯವರು ಕೂಡಲೆ ಸಹಿ ಹಾಕಲಿಲ್ಲ. ದಿಲ್ಲಿಯೆಲ್ಲ ಗಡಬಿಡಿಯಾಯಿತು. ಏಪ್ರಿಲ್ 30ರಂದು ಸಹಿ ಬಿತ್ತು. ಎರಡನೆಯ ಕುರ್ಚಿಗೆಂದು ಆರಿಸಿದವನ ಲೇಖಣಿಯ ತುದಿಯಲ್ಲಿ ಒಂಬತ್ತು ರಾಜ್ಯಗಳು ನೇತಾಡಿದವು.

ಇತ್ತೀಚಿನದೊಂದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಗಳಿದ್ದಾರೆ. ಜೋಡಿ ಮತವಿಲ್ಲದಿದ್ದರೂ ಪಕ್ಷಗಳು ಜೋಡಿಯನ್ನೇ ಕಟ್ಟುತ್ತವೆಂಬುದಕ್ಕೆ 2022 ಸಾಕ್ಷಿ. ಆಳುವ ಪಕ್ಷ ಒರಿಸ್ಸಾದ ಆದಿವಾಸಿ ಮಹಿಳೆ ದ್ರೌಪದಿ ಮುರ್ಮು ಅವರನ್ನು ರಾಷ್ಟ್ರಪತಿ ಪದವಿಗೆ ನಿಲ್ಲಿಸಿ, ಎರಡನೆಯದಕ್ಕೆ ರಾಜಸ್ಥಾನದ ಜಾಟರಾದ ಜಗದೀಪ್ ಧನಕರರನ್ನು "ರೈತನ ಮಗ"ನೆಂದು ಸಾರಿ ನಿಲ್ಲಿಸಿತು. ವಿರೋಧ ಪಕ್ಷಗಳು ಉತ್ತರದ ಯಶವಂತ ಸಿನ್ಹಾರ ಜೊತೆಗೆ ಮಂಗಳೂರಿನಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವರನ್ನು ನಿಲ್ಲಿಸಿದವು: ದಕ್ಷಿಣ, ಮಹಿಳೆ, ಕ್ರೈಸ್ತರು. ಲೆಕ್ಕ ಅಂದವಾಗಿಯೇ ಇತ್ತು. ಆದರೆ ತಮ್ಮನ್ನು ಸರಿಯಾಗಿ ಕೇಳಲಿಲ್ಲವೆಂದು ಬಂಗಾಳದ ತೃಣಮೂಲದವರು ಮತದಾನಕ್ಕೇ ಬರಲಿಲ್ಲ. ಧನಕರರಿಗೆ 528, ಆಳ್ವರಿಗೆ 182. ಗೆಲ್ಲುವ ಸಂಭವವಿದ್ದಲ್ಲಿ ನಮ್ಮ ಕರಾವಳಿಯ ಹೆಣ್ಣನ್ನು ನಿಲ್ಲಿಸಿದ್ದರೆ ನಾನು ಇನ್ನಷ್ಟು ಸಂತೋಷಪಡುತ್ತಿದ್ದೆ. "ರೈತನ ಮಗ"ನೂ ಅವಧಿ ಮುಗಿಸಲಿಲ್ಲ. 2025ರ ಜುಲೈ 21ರಂದು ಆರೋಗ್ಯದ ಕಾರಣ ಹೇಳಿ ರಾಜೀನಾಮೆ ಕೊಟ್ಟರು.

ದಿಲ್ಲಿಯ ಮಾತು ಸಾಕು. ಬೆಂಗಳೂರಿನ ಎರಡನೆಯ ಕುರ್ಚಿಗೆ ಉಪಮುಖ್ಯಮಂತ್ರಿಯೆಂದು ಹೆಸರು. ಸಂವಿಧಾನವನ್ನು ಮೊದಲಿನಿಂದ ಕೊನೆಯ ತನಕ ಓದಿದರೂ ಈ ಹೆಸರು ನಿಮಗೆ ಸಿಗಲಾರದು. 1989ರಲ್ಲಿ ದೇವಿಲಾಲರು ಉಪಪ್ರಧಾನಿಯೆಂದು ಪ್ರಮಾಣ ಮಾಡಿದಾಗ ಮೊಕದ್ದಮೆಯಾಯಿತು; ಅದು ಬರಿಯ ಬಿರುದು, ಕಾನೂನಿನ ದೃಷ್ಟಿಯಿಂದ ಅವರೊಬ್ಬ ಮಂತ್ರಿಯೇ ಎಂದು ಸುಪ್ರೀಂ ಕೋರ್ಟು ಹೇಳಿತು. ಉಪಮುಖ್ಯಮಂತ್ರಿಗಳ ವಿಷಯದಲ್ಲಿಯೂ 2024ರ ಫೆಬ್ರವರಿಯಲ್ಲಿ ಅದೇ ತೀರ್ಪು. ವ್ಯಾಪಾರಿ ಮಿತ್ರರಿಗೆ ಅರ್ಥವಾಗುವಂತೆ ಹೇಳುವುದಾದರೆ, ಬೋರ್ಡಿನಲ್ಲಿ ಪಾಲುದಾರನ ಹೆಸರಿದೆ, ಗಲ್ಲಾ ಪೆಟ್ಟಿಗೆಯ ಬೀಗದ ಕೈ ಇದೆಯೋ ಇಲ್ಲವೋ ಎಂಬುದು ಧಣಿಯ ಮರ್ಜಿ.

ಕರ್ನಾಟಕದಲ್ಲಿ ಈ ಪದ್ಧತಿ ಆರಂಭವಾದುದು ನಮ್ಮ ಮೂಡಬಿದ್ರೆಯವರ ಕಾಲದಲ್ಲಿಯೇ. ಶ್ರೀ ವೀರಪ್ಪ ಮೊಯ್ಲಿಯವರು ಮೂಡಬಿದ್ರೆಯ ಮಾರ್ಪಾಡಿಯಲ್ಲಿ ಹುಟ್ಟಿದವರು. ಕಾರ್ಕಳದಿಂದ ಮತ್ತೆ ಮತ್ತೆ ಗೆದ್ದವರು. 1992ರ ನವೆಂಬರಿನಲ್ಲಿ ಮುಖ್ಯಮಂತ್ರಿಗಳಾದರು. ಸಣ್ಣ ಸಂಖ್ಯೆಯ ಸಮುದಾಯದವರು, ಕರಾವಳಿಯವರು. ಅಷ್ಟು ಹೊತ್ತಿಗೆ ಕಾಂಗ್ರೆಸ್ಸು ವೀರೇಂದ್ರ ಪಾಟೀಲರನ್ನು 1990ರಲ್ಲಿ ಇಳಿಸಿ ಲಿಂಗಾಯತರ ಸಿಟ್ಟಿಗೆ ಗುರಿಯಾಗಿತ್ತು; ಒಕ್ಕಲಿಗರು ದೇವೇಗೌಡರತ್ತ ನೋಡುತ್ತಿದ್ದರು. 1993ರ ಜನವರಿಯಲ್ಲಿ ಮಂಡ್ಯ ಜಿಲ್ಲೆಯ ಎಸ್. ಎಂ. ಕೃಷ್ಣ ಅವರನ್ನು ಉಪಮುಖ್ಯಮಂತ್ರಿಯಾಗಿ ಮಾಡಿದರು. (ಇವರು ಒಂದು ಕಾಲಕ್ಕೆ ಪ್ರಜಾ ಸೋಷಲಿಸ್ಟ್ ಪಕ್ಷದಿಂದಲೇ ಲೋಕಸಭೆಗೆ ಹೋದವರು ಎಂಬುದನ್ನು ಹಿರಿಯರು ಮರೆತಿರಲಾರರು.) ವೋಟು ಬಂತೆ? 1994ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 34 ಸ್ಥಾನ. ಜನತಾ ದಳಕ್ಕೆ 115. ಒಂದು ಕುರ್ಚಿ ಕೊಟ್ಟ ಮಾತ್ರಕ್ಕೆ ಒಂದು ಜನಾಂಗ ಗಂಟುಮೂಟೆ ಕಟ್ಟಿಕೊಂಡು ಬಂದು ಮತ ಹಾಕುತ್ತದೆಂಬುದು ಪಕ್ಷದ ಕಚೇರಿಯ ಲೆಕ್ಕ. ಜನರ ಲೆಕ್ಕ ಬೇರೆ.

1994ರಲ್ಲಿ ದೇವೇಗೌಡರು ಮುಖ್ಯಮಂತ್ರಿ, ಜೆ. ಎಚ್. ಪಟೇಲರು ಉಪಮುಖ್ಯಮಂತ್ರಿ. ಹಳೆ ಮೈಸೂರಿನ ಒಕ್ಕಲಿಗರೊಬ್ಬರು, ಚನ್ನಗಿರಿಯ ಲಿಂಗಾಯತರೊಬ್ಬರು: ಮತ್ತೆ ಅದೇ ತಕ್ಕಡಿ. ಆದರೆ ಇಲ್ಲಿ ಅದೃಷ್ಟವಶಾತ್ ಓಟವೂ ಇತ್ತು. ಶಾಂತವೇರಿ ಗೋಪಾಲಗೌಡರ ಬಳಗದಲ್ಲಿ ಪಳಗಿದ ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರು. ಅವರು ತಕ್ಕಡಿಯ ಕಲ್ಲಾಗಿ ಮಾತ್ರ ಕುಳಿತಿರಲಿಲ್ಲ. 1996ರಲ್ಲಿ ದೇವೇಗೌಡರು ಪ್ರಧಾನಿಯಾಗಿ ದಿಲ್ಲಿಗೆ ಹೋದಾಗ, ಮೇ 31ರಂದು ಪಟೇಲರು ಮುಖ್ಯಮಂತ್ರಿಗಳಾದರು. ಒಂದೂವರೆ ವರ್ಷದಲ್ಲಿ ಎರಡನೆಯದು ಮೊದಲನೆಯದಾಯಿತು. ಟ್ರೂಮನ್ನರಂತೆ ಯಾರೂ ಸಾಯಬೇಕಾಗಲಿಲ್ಲವೆಂಬುದೇ ವ್ಯತ್ಯಾಸ.

ಪಟೇಲರ ಜಾಗಕ್ಕೆ ಬಂದವರು ಸಿದ್ದರಾಮಯ್ಯನವರು. ಅವರ ಕತೆಯನ್ನು ನಾವು ಹೆಚ್ಚು ಗಮನಿಸಬೇಕು. 1996ರಲ್ಲಿ ಉಪಮುಖ್ಯಮಂತ್ರಿಯಾದಾಗ ಹಣಕಾಸಿನ ಖಾತೆಯೂ ಕೈಯಲ್ಲಿತ್ತು. ಬಿರುದಿನ ಜೊತೆಗೆ ಬೀಗದ ಕೈಯೂ ಸಿಕ್ಕಿತ್ತು. 2004ರಲ್ಲಿ ಧರ್ಮಸಿಂಗರ ಕೂಡು ಸರಕಾರದಲ್ಲಿ ಮತ್ತೆ ಅದೇ ಪದವಿ. ಕುರುಬರು, ಹಿಂದುಳಿದವರು ತಮ್ಮ ಮನುಷ್ಯ ಅಲ್ಲಿದ್ದಾನೆಂದು ಸಂತೋಷಪಟ್ಟರು. ಪಕ್ಷಕ್ಕೂ ಬೇಕಾಗಿದ್ದುದು ಆ ಸಂತೋಷವೆ. ಆದರೆ ಅವರು ಅಲ್ಪಸಂಖ್ಯಾತರು, ಹಿಂದುಳಿದವರು, ದಲಿತರು ಕೂಡಿದ "ಅಹಿಂದ" ಸಮಾವೇಶಗಳಿಗೆ ಹೋಗತೊಡಗಿದಾಗ ಪಕ್ಷಕ್ಕೆ ಶಿಸ್ತಿನ ಪ್ರಶ್ನೆ ಕಾಣಿಸಿತು. 2005ರ ಆಗಸ್ಟಿನಲ್ಲಿ ಕುರ್ಚಿ ಹೋಯಿತು, ಆಮೇಲೆ ಪಕ್ಷವೂ ತಪ್ಪಿತು. ಪಕ್ಷದ ಕಡೆಯವರು ಹೇಳುವ ಕಾರಣಗಳು ಬೇರೆ ಇವೆ, ಇರಲಿ. ನನಗೆ ಕಾಣುವುದು ಇಷ್ಟು: ಯಾವ ಜನರ ಹೆಸರಿನಲ್ಲಿ ಕುರ್ಚಿ ಕೊಟ್ಟರೋ ಆ ಜನರ ನಡುವೆ ಹೋಗಿ ನಿಂತಾಗ ಕುರ್ಚಿಗೆ ಕುತ್ತು ಬಂತು. ಕಾರ್ಖಾನೆಯಲ್ಲಿ ಕೂಲಿಕಾರರೊಳಗಿಂದಲೇ ಒಬ್ಬನನ್ನು ಎತ್ತಿ ಮೇಸ್ತ್ರಿ ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಅವನು ನಿಮ್ಮನ್ನು ಸುಮ್ಮನಿರಿಸುವ ತನಕ ಮೇಸ್ತ್ರಿ. ನಿಮ್ಮ ಪರವಾಗಿ ಬಾಯಿ ತೆರೆದ ದಿನ ಅವನೂ ಕೂಲಿಕಾರನೆ. ಆದರೆ ಸಿದ್ದರಾಮಯ್ಯನವರು 2013ರಲ್ಲಿ ಮುಖ್ಯಮಂತ್ರಿಯಾಗಿಯೇ ತಿರುಗಿ ಬಂದರು. ತಿರುಗಿ ಬರಲು ಅವರ ಬೆನ್ನಿಗಿದ್ದುದು ಹೊರಗೆ ಕಟ್ಟಿದ ಜನಬಲ, ಒಳಗೆ ಕೊಟ್ಟ ಬಿರುದಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 2006ರಲ್ಲಿ ಕುಮಾರಸ್ವಾಮಿ-ಯಡಿಯೂರಪ್ಪನವರ ಜೋಡಿಯಲ್ಲಿ ಎರಡನೆಯ ಕುರ್ಚಿ ಒಂದು ಹುಂಡಿಯಾಗಿತ್ತು: 20 ತಿಂಗಳ ಮೇಲೆ ಮೊದಲನೆಯದು ಕೊಡತಕ್ಕದ್ದು. ವಾಯಿದೆ ಬಂದಾಗ ಹಣ ಹುಟ್ಟಲಿಲ್ಲ. 2007ರ ನವೆಂಬರಿನಲ್ಲಿ ಯಡಿಯೂರಪ್ಪನವರು ಒಂದು ವಾರ ಮುಖ್ಯಮಂತ್ರಿಯಾಗಿ ಇಳಿದರು. ಮರುವರ್ಷ ಆ ಮೋಸದ ಕತೆಯನ್ನೇ ಊರೂರು ಹೇಳಿ 110 ಸ್ಥಾನ ಗೆದ್ದರು. 2012ರಲ್ಲಿ ಶೆಟ್ಟರರಿಗೆ ಇಬ್ಬರು ಉಪಮುಖ್ಯಮಂತ್ರಿಗಳು, ಒಕ್ಕಲಿಗ ಅಶೋಕ ಮತ್ತು ಕುರುಬ ಈಶ್ವರಪ್ಪ. ಯಡಿಯೂರಪ್ಪನವರು ಪಕ್ಷ ಬಿಟ್ಟು ಹೋದ ಮೇಲೆ ಈ ಇಬ್ಬರಿಂದಲೂ ಏನೂ ಆಗದೆ ಮರುವರ್ಷ 40 ಸ್ಥಾನಕ್ಕೆ ಇಳಿದರು. 2019ರಲ್ಲಿ ಮೂವರು! ದಲಿತರೊಬ್ಬರು, ಒಕ್ಕಲಿಗರೊಬ್ಬರು, ಲಿಂಗಾಯತರೊಬ್ಬರು. ಮೂರನೆಯವರಾದ ಲಕ್ಷ್ಮಣ ಸವದಿಯವರು ಹಿಂದಿನ ವರ್ಷ ಚುನಾವಣೆಯಲ್ಲಿ ಸೋತವರು. ಪದವಿ ಸಿಕ್ಕಿದಾಗ ಯಾವ ಸಭೆಯ ಸದಸ್ಯರೂ ಆಗಿರಲಿಲ್ಲ. 2023ರಲ್ಲಿ ಕಾಂಗ್ರೆಸ್ಸು 135 ಸ್ಥಾನ ಗೆದ್ದು ಡಿ. ಕೆ. ಶಿವಕುಮಾರರೊಬ್ಬರನ್ನೇ ಉಪಮುಖ್ಯಮಂತ್ರಿ ಮಾಡಿ, ನೀರಾವರಿ ಮತ್ತು ಬೆಂಗಳೂರು ನಗರಾಭಿವೃದ್ಧಿಯನ್ನು ಅವರ ಕೈಗೆ ಕೊಟ್ಟಿತು. ಆರೇಳು ತಿಂಗಳಲ್ಲಿ ಕೆಲವು ಮಂತ್ರಿಗಳೇ ಇನ್ನೂ ಮೂವರು ಬೇಕೆಂದು ಕೂಗೆಬ್ಬಿಸಿದರು. ಬಿರುದು ಅಗ್ಗವಾದಷ್ಟೂ ಬೇಡಿಕೆ ಹೆಚ್ಚು.

1993ರಿಂದ 2023ರ ತನಕದ ಈ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರಿಲ್ಲ. ಮುಸಲ್ಮಾನರ, ಕ್ರೈಸ್ತರ ಹೆಸರಿಲ್ಲ. ನಮ್ಮ ಕರಾವಳಿಯವರೂ ಇಲ್ಲ. ಮೊಯ್ಲಿಯವರು, 2011ರಲ್ಲಿ ಸುಳ್ಯದ ಕಡೆಯ ಸದಾನಂದ ಗೌಡರು ಮೊದಲನೆಯ ಕುರ್ಚಿಯಲ್ಲಿ ಕುಳಿತದ್ದುಂಟು. ಎರಡನೆಯದಕ್ಕೆ ನಮ್ಮ ಕಡೆ ಯಾರೂ ತಿರುಗಿ ನೋಡಿಲ್ಲ. ಇಲ್ಲಿ ಬಿಲ್ಲವರು, ಬಂಟರು, ಮೊಗವೀರರು, ಬ್ಯಾರಿಗಳು, ಕೆಥೋಲಿಕರು ಹರಡಿಕೊಂಡಿದ್ದೇವೆ. ಬೆಂಗಳೂರಿನ ತಕ್ಕಡಿಯಲ್ಲಿ ನಮ್ಮ ತೂಕ ಕಾಣಿಸುವುದಿಲ್ಲ. ಬೀಡಿ ಕಟ್ಟುವ ಸಾವಿರಾರು ಹೆಂಗಸರಂತೂ ಆ ತಕ್ಕಡಿಗೆ ಒಂದು ಜಾತಿಯೇ ಅಲ್ಲ. ಇದಕ್ಕಾಗಿ ನಾನು ಅಳುತ್ತಿಲ್ಲ. ಜಾತಿಯ ತೂಕದಿಂದ ನಮಗೆ ಸಿಗಲಾರದ್ದನ್ನು ಬೇರೆ ತೂಕದಿಂದ ಪಡೆಯಬೇಕಾಗಿದೆಯೆಂದು ಹೇಳುತ್ತಿದ್ದೇನೆ.

ನನ್ನ ಅನುಭವವೊಂದನ್ನು ಹೇಳದಿದ್ದರೆ ಬೇರೆಯವರಿಗೆ ಮಾತ್ರ ಬುದ್ಧಿ ಹೇಳಿದಂತಾದೀತು. ಹಿಂದೊಮ್ಮೆ ನಾನೂ ಒಂದು ಸಹಕಾರಿ ಸಂಘದ ಉಪಾಧ್ಯಕ್ಷನಾಗಿದ್ದೆ. ಯಾವ ಸಂಘವೆಂದು ಕೇಳಬೇಡಿ. ನಮ್ಮ ಕೇರಿಯ ಬೀಡಿ ಕೆಲಸದವರೆಲ್ಲ ಸದಸ್ಯರಾಗಿದ್ದರು, ಅವರ ವೋಟು ಬೇಕಾಗಿತ್ತು, ಅದಕ್ಕೆ ನನಗೆ ಹಾರ ಬಿತ್ತು. ಇಡೀ ಅವಧಿಯಲ್ಲಿ ನಾನು ಅಧ್ಯಕ್ಷತೆ ವಹಿಸಿದ್ದು ಎರಡು ಸಭೆಗಳಲ್ಲಿ. ಒಂದು ದಿನ ಅಧ್ಯಕ್ಷರಿಗೆ ಜ್ವರ, ಇನ್ನೊಂದು ದಿನ ಅವರ ಮನೆಯಲ್ಲಿ ಮದುವೆ. ಕೇರಿಯ ಹೆಂಗಸರು ಸಣ್ಣ ಸಾಲಕ್ಕೆ ಅರ್ಜಿ ಕೊಟ್ಟಾಗ, "ನಮ್ಮ ಅಣ್ಣನೇ ಅಲ್ಲಿದ್ದಾನಲ್ಲ" ಎಂದು ನಂಬಿ ಕೊಟ್ಟರು. ಸಾಲದ ಸಮಿತಿಯಲ್ಲಿ ನಾನಿರಲೇ ಇಲ್ಲ. ಅರ್ಜಿಗಳು ಹಾಗೆಯೇ ಉಳಿದವು. ಒಬ್ಬಾಕೆ ಕಿವಿಯ ಬೆಂಡೋಲೆ ಅಡವಿಟ್ಟು ಮಗನ ಫೀಸು ಕಟ್ಟಿದಳು. ಅನಂತರ ದಾರಿಯಲ್ಲಿ ಸಿಕ್ಕಾಗ ಏನೂ ಹೇಳಲಿಲ್ಲ, ಮಾತಾಡಿಸಿದಳು, ನಕ್ಕಳು ಕೂಡ. ಬೈದಿದ್ದರೆ ಚೆನ್ನಾಗಿತ್ತು.

ಆದುದರಿಂದ ಬೆಳ್ತಂಗಡಿಯ ಮಿತ್ರರಿಗೆ ಎರಡನೆಯ ಕುರ್ಚಿ ಬೇಡವೆಂದು ನಾನು ಹೇಳುವುದಿಲ್ಲ. ಬೇಡವೆಂದು ಮುಖ ತಿರುಗಿಸಿದರೆ ಅದು ಬೇರೊಬ್ಬನ ಪಾಲಾಗುತ್ತದೆ, ಅಷ್ಟೆ. ಪಟೇಲರೂ ಸಿದ್ದರಾಮಯ್ಯನವರೂ ಅದನ್ನು ಹಿಡಿದೇ ಮೇಲೆ ಹೋದರು. ಆದರೆ ಹಾರ ಹಾಕಿಸಿಕೊಳ್ಳುವ ಮುಂಚೆ ಕೇಳಬೇಕಾದುದನ್ನು ಕೇಳಿರಿ. ಪಂಚಾಯತಿಯ ಚೆಕ್ಕಿಗೆ ಸಹಿ ಹಾಕುವವರು ಅಧ್ಯಕ್ಷರೂ ಅಭಿವೃದ್ಧಿ ಅಧಿಕಾರಿಯೂ. ಉಪಾಧ್ಯಕ್ಷನ ಸಹಿ ಅಲ್ಲಿ ಬೇಕಿಲ್ಲ. ಹಾಗಾದರೆ ಕುಡಿಯುವ ನೀರು, ದಾರಿದೀಪ, ಮನೆ ನಿವೇಶನದ ಪಟ್ಟಿ, ಸಂತೆ ಮತ್ತು ಅಂಗಡಿ ಕೋಣೆಗಳ ಹಂಚಿಕೆ, ಇವುಗಳಲ್ಲಿ ಯಾವುದು ನಮ್ಮ ನಾಲ್ವರನ್ನು ಕೇಳದೆ ತೀರ್ಮಾನವಾಗುವುದಿಲ್ಲವೆಂದು ಅವರು ಒಪ್ಪುತ್ತಾರೆ? ಒಪ್ಪಿದರೆ ಹತ್ತು ಜನರ ಎದುರಿನಲ್ಲಿ ಹೇಳುತ್ತಾರೆಯೆ? ಕೂಲಿಯ ಪ್ರಶ್ನೆಯಲ್ಲಿ ನಮ್ಮ ಉಪಾಧ್ಯಕ್ಷ ಬೀಡಿ ಕಂತ್ರಾಟುದಾರರ ಎದುರು ನಿಂತ ದಿನ ಕುರ್ಚಿ ಉಳಿಯುತ್ತದೆಯೆ? ಇನ್ನೊಂದು ಪ್ರಶ್ನೆ ಅವರಿಗಲ್ಲ, ನಮಗೆ: ನಾಳೆ ಅಧ್ಯಕ್ಷರು ರಾಜೀನಾಮೆ ಕೊಟ್ಟು ಹೋದರೆ ಪಂಚಾಯತಿಯನ್ನು ನಡೆಸಬಲ್ಲ ಮನುಷ್ಯನನ್ನೇ ನಾವು ಕಳುಹಿಸುತ್ತಿದ್ದೇವೆಯೆ, ಅಥವಾ ನಮ್ಮಲ್ಲಿಯೂ ಹಟ್ಟಿ ನೋಡಿಯೇ ಕೋಣ ಕಟ್ಟುವ ಅಭ್ಯಾಸವಿದೆಯೆ? ಬೀಡಿ ಕಟ್ಟುವ ಒಬ್ಬ ಅಕ್ಕನ ಹೆಸರು ಪಟ್ಟಿಯಲ್ಲಿ ಏಕಿಲ್ಲವೆಂದು ನಾನು ಅವರನ್ನು ಕೇಳಿದಾಗ ಅವರು ತಲೆ ಕೆರೆದುಕೊಂಡರು.

ಅವರು ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದಾರೆ. ಬರುವ ಭಾನುವಾರ ಸಂಜೆ ಉತ್ತರ ತರುತ್ತೇನೆಂದಿದ್ದಾರೆ. ಮೂಡಬಿದ್ರೆಯ ಮಿತ್ರರಿಗೂ ಇಂಥದೇ ಕರೆ ಬಂದಿರುವುದಾಗಿ ಈಗ ತಾನೆ ಚೀಟಿ ಬಂದಿದೆ. ಅವರೂ ಆ ದಿನ ಬರಲಿ. ಅಂಗಡಿಯವರು ಒಂದು ಗಂಟೆ ಮುಂಚೆ ಬಾಗಿಲು ಹಾಕಿದರೆ ಸಾಕು, ಕಡೆಯ ಬಸ್ಸು ತಪ್ಪದಂತೆ ಮುಗಿಸೋಣ.